ಕೆಟ್ಟರ್ ಅಂತಲೇ ಬರೆಯಿರಿ

ಔಡೆಕ್ರೇಕ್ ಊರಿನ ಚರ್ಚಿನಲ್ಲಿ ಹಿರಿಯರ ಸಭೆಯ ನಡಾವಳಿಯನ್ನು ಹದಿನಾಲ್ಕು ವರ್ಷ ಬರೆದವನು ನಾನು. ಶಾಲೆಯ ಮೇಷ್ಟ್ರು, ಅಕ್ಷರ ದುಂಡಗಿದೆ ಎಂದು ಆ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಯಾರ ಮಗುವಿಗೆ ದೀಕ್ಷಾಸ್ನಾನ, ಯಾರ ಕುರ್ಚಿಯ ಕಾಲು ಮುರಿದಿದೆ, ಯಾರು ಕೆಲಸ ಮಾಡಬಾರದ ಭಾನುವಾರ ಹುಲ್ಲು ಕೊಯ್ದು ಸಿಕ್ಕಿಬಿದ್ದರು, ಇಂಥವನ್ನೇ ಬರೆದು ಬರೆದು ಮೂರು ಪುಸ್ತಕ ತುಂಬಿಸಿದ್ದೆ. ಅಷ್ಟೂ ಪುಟಗಳಲ್ಲಿ ಗೆರೆ ದಾಟಿ ಹೋದದ್ದು ಒಂದೇ ಒಂದು ಪದ. ಅದನ್ನು ಬರೆಸಿದವಳು ದಿಂಗೆನಾ.

೧೯೫೩ರ ಜನವರಿ ಕೊನೆಯಲ್ಲಿ ಎದ್ದ ಬಿರುಗಾಳಿಗೆ ನಮ್ಮ ಝೀಲೆಂಡ್ ಸೀಮೆಯಲ್ಲಿ ಕಡಲನ್ನು ತಡೆದು ನಿಲ್ಲಿಸುವ ಮಣ್ಣಿನ ಏರಿಗಳು ಎಷ್ಟೋ ಕಡೆ ಒಡೆದವು. ನಮ್ಮೂರಲ್ಲಿ ಒಡೆದದ್ದು ಪಶ್ಚಿಮದ ತಿರುವಿನಲ್ಲಿ. ಮೂವತ್ತೊಂದು ಜನ ಹೋದರು. ನನ್ನ ತಾಯಿ ಅವರಲ್ಲೊಬ್ಬಳು. ದಿಂಗೆನಾಳ ಗಂಡ ಕ್ರೈನ್ ಹೋದ, ಅವರ ಒಂಬತ್ತು ವರ್ಷದ ಮಗಳು ಲೇನಾ ಹೋದಳು. ಲೇನಾ ನನ್ನ ತರಗತಿಯಲ್ಲಿ ಎರಡನೇ ಬೆಂಚಿನ ಹುಡುಗಿ, ಗುಣಾಕಾರದಲ್ಲಿ ಚುರುಕು, ಕಾಗುಣಿತದಲ್ಲಿ ಮಹಾ ಸೋಮಾರಿ. ದಿಂಗೆನಾ ಮಾತ್ರ ಮನೆಯ ಮಾಡನ್ನು ತಬ್ಬಿಕೊಂಡು ಒಂದೂವರೆ ದಿನ ಕೂತು ಉಳಿದಳು.

ಕ್ರೈನ್ ಏರಿ ಕೆಲಸದವನು. ಮಣ್ಣು ಹೊರುವುದು, ಕಲ್ಲು ಕೂಡಿಸುವುದು, ಹೆಗ್ಗಣದ ಬಿಲ ಮುಚ್ಚುವುದು ಅವನ ಕಸುಬು. ಪಶ್ಚಿಮದ ತಿರುವು ಉಳಿದ ಏರಿಗಿಂತ ಎರಡು ಗೇಣು ತಗ್ಗಿದೆ ಎಂದು ಅವನು ಏರಿ ಮಂಡಳಿಗೆ ಮೂರು ಸಲ ಕಾಗದ ಬರೆದಿದ್ದ. ಕಾಗದ ತಿದ್ದಿಕೊಟ್ಟವನು ನಾನೇ. ಉತ್ತರ ಬರಲಿಲ್ಲ. ಮಂಡಳಿಯ ಮುಖ್ಯಸ್ಥ ಅದ್ರಿಯಾನ್ ಕೋಮಾನ್, ಊರಿನ ದೊಡ್ಡ ರೈತ. ಚರ್ಚಿನ ಹಿರಿಯರಲ್ಲೂ ಅವನೇ ಮೊದಲಿಗ.

ನೀರು ಇಳಿದು, ಉಪ್ಪು ಕೂತ ಹೊಲಗಳು ಬೆಳ್ಳಗೆ ಒಣಗಿದ ಮೇಲೆ, ಆ ಅಕ್ಟೋಬರಿನಲ್ಲಿ ಸತ್ತವರ ಹೆಸರಿನ ಕಲ್ಲೊಂದನ್ನು ಚರ್ಚಿನ ಗೋಡೆಗೆ ಕೂರಿಸುವುದೆಂದು ತೀರ್ಮಾನವಾಯಿತು. ಪಾದ್ರಿ ಫೆರ್ಹಾಗೆ ಒಂದು ಭಾನುವಾರ ಉಪದೇಶ ಮುಗಿಸಿ ಕಲ್ಲಿನ ಬರಹವನ್ನು ಓದಿ ಹೇಳಿದರು: "ನಮ್ಮ ಪಾಪಗಳ ನಿಮಿತ್ತ ದೇವರ ಕೈಯ ಹೊಡೆತಕ್ಕೆ ಬಿದ್ದವರು." ಅದರ ಕೆಳಗೆ ಮೂವತ್ತೊಂದು ಹೆಸರು. ಹೆಂಗಸರ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಆಮೇಲೆ ಬೆಂಚು ಕಿರುಗುಟ್ಟಿತು. ದಿಂಗೆನಾ ಎದ್ದು ನಿಂತಿದ್ದಳು.

ನಮ್ಮ ಚರ್ಚಿನಲ್ಲಿ ಆರಾಧನೆಯ ನಡುವೆ ಹೆಂಗಸು ಬಾಯಿ ತೆರೆಯುವುದು ಹಾಡುವಾಗ ಮಾತ್ರ.

"ಪಾದ್ರಿಗಳೇ, ನನ್ನ ಮಗಳ ಹೆಸರು ಆ ಸಾಲಿನ ಕೆಳಗೆ ಬೇಡ" ಅಂದಳು. ಕೂಗಲಿಲ್ಲ. ಅಂಗಡಿಯಲ್ಲಿ ಬೇಡದ ಸಾಮಾನು ವಾಪಸು ಕೊಡುವ ಹಾಗೆ ಹೇಳಿದಳು. "ಅವಳನ್ನ ದೇವರು ಹೊಡೀಲಿಲ್ಲ. ನೀರು ಹೊಡೀತು. ಏರಿ ತಗ್ಗಿತ್ತು, ಅದಕ್ಕೆ ನೀರು ಬಂತು."

ಕೋಮಾನ್ ಕುತ್ತಿಗೆಯವರೆಗೂ ಕೆಂಪಾದ. ಪಾದ್ರಿಗಳು ಕೊನೆಯ ಹಾಡಿನ ಸಂಖ್ಯೆ ಹೇಳಿದರು.

ಮಂಗಳವಾರ ಮಧ್ಯಾಹ್ನ ಪಾದ್ರಿ, ಕೋಮಾನ್, ನಾನು ಮೂವರೂ ಅವಳ ಮನೆಗೆ ಹೋದೆವು. ಮನೆ ಅಂದರೆ ಸರ್ಕಾರ ಕೊಟ್ಟ ಮರದ ಶೆಡ್ಡು. ದಿಂಗೆನಾ ಮೇಜಿನ ತುಂಬ ಸೀಗಡಿ ಸುರಿದುಕೊಂಡು ಸಿಪ್ಪೆ ಬಿಡಿಸುತ್ತಿದ್ದಳು. ಮುಂಜಾನೆ ದೋಣಿಯಿಂದ ಬಂದ ಸೀಗಡಿಯನ್ನು ಮನೆಮನೆಯಲ್ಲಿ ಬಿಡಿಸಿ ಸಂಜೆಗೆ ಕೊಡುವುದು ಆಗ ಊರಿನ ಹೆಂಗಸರ ಕೆಲಸ. ನಮಗೆ ಕಾಫಿ ಕೊಟ್ಟಳು, ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು ಕೊಟ್ಟಳು, ಮತ್ತೆ ಕೂತು ಸಿಪ್ಪೆ ಬಿಡಿಸತೊಡಗಿದಳು.

ಪಾದ್ರಿ ಫೆರ್ಹಾಗೆ ಕಲ್ಲುಮನಸ್ಸಿನವರಲ್ಲ. ಆ ಫೆಬ್ರವರಿಯಲ್ಲಿ ಸೊಂಟದವರೆಗಿನ ಕೆಸರಿನಲ್ಲಿ ಇಳಿದು ಹೆಣಗಳನ್ನು ಹೊತ್ತು ತಂದವರು ಅವರು. ಲೇನಾಳನ್ನು ಎತ್ತಿಕೊಂಡು ಬಂದವರೂ ಅವರೇ.

"ದಿಂಗೆನಾ, ದೇವರ ಕೈಯಲ್ಲ ಅಂದ್ರೆ ಅಲ್ಲಿ ಯಾರೂ ಇರಲಿಲ್ಲ ಅಂತ ಆಗುತ್ತಲ್ಲಮ್ಮ" ಅಂದರು ಪಾದ್ರಿ. "ಸುಮ್ನೆ ನೀರು, ಸುಮ್ನೆ ಗಾಳಿ. ಇದನ್ನ ನಾನು ಅಷ್ಟು ಮನೆಗೆ ಹೋಗಿ ಹೇಗೆ ಹೇಳ್ಲಿ? ಹೊಡೆದೋನು ತಂದೆ ಅಂದ್ರೆ ಅಳೋಕಾದ್ರೂ ಒಂದು ಮಡಿಲಿರುತ್ತೆ."

"ಇದ್ದ ಪಾದ್ರಿಗಳೇ. ಯಾರೂ ಇರ್ಲಿಲ್ಲ ಅಂತ ನಾನೆಲ್ಲಿ ಅಂದೆ? ನೀರಿನ ಕಡೆ ಇರ್ಲಿಲ್ಲ ಅವನು, ಮಗೀನ ಕಡೆ ಇದ್ದ. ಅವಳ ಜೊತೆ ಅವನೂ ನೀರು ಕುಡಿದ."

"ಮತ್ತೆ ನೀರನ್ನ ತಡೀಲಿಲ್ಲ ಯಾಕೆ?"

"ತಡೆಯೋ ಕೆಲಸ ಅವನ ಕೈಲಿರ್ಲಿಲ್ಲ ಅನ್ಸುತ್ತೆ. ನಮಗೆ ಕೊಟ್ಟಿದ್ದ. ಸಲಿಕೆ ನಮ್ಮ ಹತ್ರ ಇತ್ತು."

ಪಾದ್ರಿಗಳು ಬಟ್ಟಲನ್ನು ಮೆಲ್ಲಗೆ ತಟ್ಟೆಯ ಮೇಲಿಟ್ಟರು. ದೇವರ ಕೈಲಿ ಆಗದ ಕೆಲಸವೊಂದಿದೆ ಎನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಮಳೆ, ಬರ, ಕಾಯಿಲೆ, ಸಾವು ಎಲ್ಲ ಅವನ ಕೈಯಿಂದಲೇ ಬರುವುದೆಂದು ತೊಟ್ಟಿಲಲ್ಲೇ ಕಲಿತವರು ನಾವು.

ಕೋಮಾನ್ ಅಷ್ಟು ಹೊತ್ತೂ ಕಿಟಕಿಯ ಕಡೆ ನೋಡುತ್ತಿದ್ದ. "ದುಃಖ ತಲೆಗೇರಿದೆ" ಎಂದು ನನ್ನ ಕಡೆ ತಿರುಗಿ ಹೇಳಿದ, ಅವಳು ಅಲ್ಲಿಲ್ಲವೇನೋ ಎಂಬ ಹಾಗೆ.

ಗುರುವಾರದ ಸಭೆಯಲ್ಲಿ ದಾರಿ ಹುಡುಕಿದವನು ಅವನೇ. "ಪಾಪ, ನರದೌರ್ಬಲ್ಯ. ಹಾಗಂತ ಬರ್ಕೊಳ್ಳಿ ಮೇಷ್ಟ್ರೇ. ರೋಗಿಯ ಮಾತಿಗೆ ಶಿಕ್ಷೆಯಿಲ್ಲ, ವಿಚಾರಣೆಯಿಲ್ಲ. ನಾವೆಲ್ಲ ಅವಳಿಗಾಗಿ ಪ್ರಾರ್ಥನೆ ಮಾಡೋಣ. ಕಲ್ಲು ತನ್ನ ಪಾಡಿಗೆ ತಾನು ಕೂರುತ್ತೆ." ಪಾದ್ರಿಗಳಿಗೆ ನಿರಾಳವಾಯಿತು. ಅವಳನ್ನು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಮೇಜಿನಿಂದ ದೂರವಿಡುವುದು ಅವರಿಗೆ ನಿಜಕ್ಕೂ ಬೇಡವಾಗಿತ್ತು. ನನಗೂ ಅದು ದಯೆಯ ಹಾಗೆಯೇ ಕಂಡಿತು. ಪೆನ್ಸಿಲಿನಲ್ಲಿ ಕರಡು ಬರೆದೆ: "ಸಹೋದರಿ ದಿಂಗೆನಾ ನರಗಳ ಕಾಯಿಲೆಯಿಂದ ಬಳಲುತ್ತಿರುವ ಕಾರಣ ವಿಷಯವನ್ನು ಕೈಬಿಡಲಾಯಿತು."

ಹಳ್ಳಿಯಲ್ಲಿ ಸುದ್ದಿಗೆ ಕಾಲಿರುವುದಿಲ್ಲ, ರೆಕ್ಕೆಯೇ ಇರುತ್ತದೆ. ಮರುದಿನ ಶಾಲೆ ಬಿಟ್ಟ ಮೇಲೆ ದಿಂಗೆನಾ ಬಂದು ಎರಡನೇ ಬೆಂಚಿನ ಪಕ್ಕ ನಿಂತಳು. ಕೂರಲಿಲ್ಲ.

"ಏನು ಬರೆದಿರಿ ಅಂತ ಓದಿ ಮೇಷ್ಟ್ರೇ."

ಓದಿದೆ.

"ನಿಮಗೆ ಹಾಗೆ ಅನ್ಸುತ್ತಾ? ನನಗೆ ಹುಚ್ಚಾ?"

"ಇಲ್ಲ" ಅಂದೆ. "ಆದ್ರೆ ಇದ್ರಿಂದ ನಿಮಗೆ ತೊಂದ್ರೆ ಆಗಲ್ಲ ದಿಂಗೆನಾ. ಮೇಜು ತಪ್ಪಲ್ಲ, ಜನ ಮಾತಾಡಲ್ಲ. ಬೇರೆ ಏನು ಬರೆದ್ರೂ..."

"ಬೇರೆ ಅಂದ್ರೆ? ಅದಕ್ಕೊಂದು ಪದ ಇರ್ಬೇಕಲ್ಲ. ಹೇಳಿ."

ನಾನು ನಡಾವಳಿ ಪುಸ್ತಕ ಮುಚ್ಚಿದೆ. ಅವಳೇ ಹೇಳಿದಳು: "ಕೆಟ್ಟರ್."

ಆ ಪದ ನಮ್ಮ ಕಡೆ ದಿನಾ ಬಾಯಲ್ಲಿ ಓಡಾಡುತ್ತದೆ. ಬಾಯಿಗೆ ಬಂದಂತೆ ಶಪಿಸುವವನನ್ನು ಕೆಟ್ಟರ್ ಥರ ಬಯ್ತಾನೆ ಅನ್ನುತ್ತೇವೆ, ಮೂರು ಹೊತ್ತೂ ಹೊಗೆ ಬಿಡುವವನನ್ನು ಕೆಟ್ಟರ್ ಥರ ಸೇದ್ತಾನೆ ಅನ್ನುತ್ತೇವೆ. ಆದರೆ ಚರ್ಚಿನ ಪುಸ್ತಕದಲ್ಲಿ, ಜೀವಂತ ಮನುಷ್ಯರೊಬ್ಬರ ಹೆಸರಿನ ಪಕ್ಕದಲ್ಲಿ ಬಂದರೆ ಅದೇ ಪದ ಬೇರೆ. ಅಲ್ಲಿ ಅದು ಪಾಷಂಡಿ.

"ಸರಿಯಾದ ಅರ್ಥ ಏನು? ನಿಮ್ಮ ದೊಡ್ಡ ಪುಸ್ತಕದಲ್ಲಿ ನೋಡಿ" ಅಂದಳು.

ನಿಘಂಟು ಬೀರುವಿನ ಮೇಲ್ತಟ್ಟಿನಲ್ಲಿದ್ದದ್ದರಿಂದ ಉಳಿದುಕೊಂಡಿತ್ತು. ತೆಗೆದು ಓದಿದೆ. ಸಭೆ ಒಪ್ಪಿದ ಬೋಧನೆಯನ್ನು ಬಿಟ್ಟು ಬೇರೆ ನಂಬಿಕೆಯನ್ನು, ತಿಳಿಹೇಳಿದ ಮೇಲೂ, ಹಟದಿಂದ ಹಿಡಿದವರು. ಅರಿಯದೆ ತಪ್ಪು ನಂಬಿದವರಿಗೆ ಈ ಹೆಸರು ಸಲ್ಲದು. ಮೂಲದಲ್ಲಿ ಇದು ತೆಂಕಣ ದೇಶದ ಒಂದು ಪಂಥದವರ ಹೆಸರು, 'ಶುದ್ಧರು' ಎಂದು ಅರ್ಥ. ಅದರ ಕೆಳಗೆ ಇದೇ ಅರ್ಥಕ್ಕೆ ಪಂಡಿತರು ಬಳಸುವ ಗ್ರೀಕ್ ಪದವಿತ್ತು. ಅದರ ಮೂಲಾರ್ಥ 'ಆರಿಸಿಕೊಳ್ಳುವುದು'.

"ಇನ್ನೊಂದ್ಸಲ ಓದಿ."

"ಆರಿಸಿಕೊಳ್ಳುವುದು."

ದಿಂಗೆನಾ ತನ್ನ ಬಿಳಿ ಟೋಪಿಯ ಅಂಚನ್ನು ಸರಿಮಾಡಿಕೊಂಡಳು. ಸೀಗಡಿಯ ಉಪ್ಪಿಗೆ ಅವಳ ಬೆರಳ ತುದಿಗಳೆಲ್ಲ ಒಡೆದಿದ್ದವು. "ನೋಡಿ, ಕಾಯಿಲೆ ಅಂದ್ರೆ ತಾನಾಗಿ ಬಂದದ್ದು, ನೆಗಡಿ ಬಂದ ಹಾಗೆ. ಇದು ನನಗೆ ಬಂದದ್ದಲ್ಲ. ಆ ಮಾಡಿನ ಮೇಲೆ ಕೂತು ಒಂದೂವರೆ ದಿನ ಯೋಚನೆ ಮಾಡಿ ನಾನೇ ಆರಿಸಿಕೊಂಡದ್ದು. ಕೆಟ್ಟರ್ ಅಂತಲೇ ಬರೀರಿ."

"ಬರೆದ್ರೆ ಏನಾಗುತ್ತೆ ಗೊತ್ತಾ? ಮೂರು ಸಲ ಎಚ್ಚರಿಕೆ ಕೊಡ್ತಾರೆ. ಆಮೇಲೆ ಚರ್ಚುಗಳ ಜಿಲ್ಲಾ ಸಭೆಗೆ ಹೋಗುತ್ತೆ. ಅಷ್ಟು ಜನ ಪಾದ್ರಿಗಳ ಮುಂದೆ ನಿಲ್ಲಿಸ್ತಾರೆ."

"ನಿಲ್ಲಿಸಿ ಏನ್ಮಾಡ್ತಾರೆ?"

"ನಿಮ್ಮ ಮಾತು ಕೇಳ್ತಾರೆ. ಬರ್ಕೋತಾರೆ."

"ರೋಗಿ ಆದ್ರೆ?"

"ರೋಗಿ ಆದ್ರೆ ಯಾರೂ ಕೇಳಲ್ಲ."

"ಮತ್ತಿನ್ನೇನು?" ಅಂದಳು.

ಮುಂದಿನ ಗುರುವಾರ ಅವಳು ಕರೆಯದೆ ಸಭೆಗೆ ಬಂದಳು. ನಮ್ಮ ಸಭಾಕೋಣೆ ಚಿಕ್ಕದು, ಹಿರಿಯರು ಏಳು ಜನ, ಏಳು ಚುಟ್ಟ. ಎದುರಿಗೆ ಕೂತವನ ಮುಖ ಕಾಣುವುದೂ ಕಷ್ಟ. ದಿಂಗೆನಾ ಬಾಗಿಲಲ್ಲೇ ನಿಂತು ಕೆಮ್ಮಿದಳು.

"ಹೊರಗೆ ನಡಿ ತಾಯಿ, ಇದು ಗಂಡಸರ ಸಭೆ" ಅಂದ ಕೋಮಾನ್.

"ಹೋಗ್ತೀನಿ ಯಜಮಾನ್ರೇ. ಒಂದು ಪದ ತಿದ್ದಿಸಿ ಹೋಗ್ತೀನಿ. ನನಗೆ ನರದ ಕಾಯಿಲೆ ಇಲ್ಲ. ನಾನು ಕೆಟ್ಟರ್."

"ಅದರ ಅರ್ಥ ಗೊತ್ತಾ ನಿಂಗೆ?"

"ಮೇಷ್ಟ್ರು ಓದಿ ಹೇಳಿದ್ದಾರೆ. ಹೊಗೆ ನೋಡಿದ್ರೆ ಈ ಕೋಣೇಲಿ ಕೆಟ್ಟರ್ ನಾನೊಬ್ಬಳೇ ಅಲ್ಲ ಬಿಡಿ."

ಮೂಲೆಯಲ್ಲಿದ್ದ ಮುದುಕ ಹಿರಿಯರೊಬ್ಬರು ಕಿಸಕ್ಕನೆ ನಕ್ಕು, ನಗುವನ್ನು ಕೆಮ್ಮಾಗಿ ಬದಲಿಸಿಕೊಂಡರು. ಪಾದ್ರಿಗಳು ಚುಟ್ಟ ಆರಿಸಿದರು.

"ದಿಂಗೆನಾ, ಆ ಪದ ಕೇಳಬೇಡಮ್ಮ. ಅದು ನಿನ್ನ ಜೊತೆ ಸಮಾಧಿಯವರೆಗೂ ಬರುತ್ತೆ. ನಾವು ನಿನ್ನನ್ನ ಕಾಪಾಡೋಕೆ ನೋಡ್ತಿದ್ದೀವಿ."

"ಗೊತ್ತು ಪಾದ್ರಿಗಳೇ. ಲೇನಾನ ಎತ್ಕೊಂಡು ಬಂದೋರು ನೀವು, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಒಂದು ಮಾತು. ನಮ್ಮ ಮುತ್ತಜ್ಜಂದಿರನ್ನ ಸ್ಪೇನಿನ ಅರಸನ ಜನ ಇದೇ ಪದ ಹೇಳಿ ಸುಟ್ಟರು ಅಂತ ಪ್ರತಿ ವರ್ಷ ಉಪದೇಶದಲ್ಲಿ ಹೇಳ್ತೀರಿ. ಎಷ್ಟು ಹೆಮ್ಮೆಯಿಂದ ಹೇಳ್ತೀರಿ. ಅವರಿಗೆ ನರದೌರ್ಬಲ್ಯ ಅಂತ ಆಗ ಯಾರೂ ಬರೀಲಿಲ್ಲ. ಸುಟ್ಟೋರೂ ಅವರನ್ನ ತಲೆ ನೆಟ್ಟಗಿರೋರು ಅಂತಲೇ ತಿಳ್ಕೊಂಡಿದ್ರು. ಅಷ್ಟು ಮರ್ಯಾದೆ ನನಗೂ ಕೊಡಿ."

ಕೋಮಾನ್ ನನ್ನ ಕಡೆ ಬೆರಳು ತೋರಿಸಿ, "ಕರಡು ಹಾಗೇ ಇರ್ಲಿ ಮೇಷ್ಟ್ರೇ, ಶಾಯೀಲಿ ಬರೀರಿ" ಅಂದ.

ಪೆನ್ನು ನನ್ನ ಕೈಲಿತ್ತು. ಕ್ರೈನ್‌ನ ಮೂರು ಕಾಗದಗಳಲ್ಲಿ ಅಲ್ಪವಿರಾಮ, ಪೂರ್ಣವಿರಾಮ ಹಾಕಿಕೊಟ್ಟವನು ನಾನು. ತಿರುವು ತಗ್ಗಿದೆಯೆಂದು ನನಗೂ ಗೊತ್ತಿತ್ತು. ಸಭೆಯಲ್ಲಿ ಕೋಮಾನ್‌ನ ಪಕ್ಕದಲ್ಲೇ ಕೂತಿದ್ದೂ ಒಂದು ದಿನವಾದರೂ ಕೇಳಿದವನಲ್ಲ. ನನ್ನ ತಾಯಿ ಆ ತಿರುವಿನಿಂದ ನಾಲ್ಕನೇ ಮನೆಯಲ್ಲಿದ್ದಳು.

"ಆಗಲ್ಲ ಯಜಮಾನ್ರೇ" ಅಂದೆ. "ನಡಾವಳಿ ಅಂದ್ರೆ ನಡೆದದ್ದು. ಅವರು ಬಂದು ನಿಂತು ಏನು ಹೇಳಿದ್ರೋ ಅದನ್ನೇ ಬರೀಬೇಕು. ಕಾಯಿಲೆ ಅಂತ ಬರೆಯೋಕೆ ಇಲ್ಲಿ ಡಾಕ್ಟರಿಲ್ಲ." ಎಲ್ಲರೂ ನೋಡುತ್ತಿದ್ದಂತೆ ಬರೆದೆ: "ಸಹೋದರಿ ದಿಂಗೆನಾ ತನ್ನ ಮಾತನ್ನು ಪೂರ್ಣ ಎಚ್ಚರದಲ್ಲಿ ಮತ್ತೊಮ್ಮೆ ಹೇಳಿ, ತಾನು ಕೆಟ್ಟರ್ ಎಂದು ಒಪ್ಪಿಕೊಂಡಳು." ಕೆಟ್ಟರ್ ಎಂಬಲ್ಲಿ ಕೊನೆಯ ಅಕ್ಷರದ ಬಾಲ ಗೆರೆ ದಾಟಿ ಹೋಯಿತು.

"ಸಾಕು" ಅಂದಳು ದಿಂಗೆನಾ. "ಕಿಟಕಿ ತೆಗೀರಿ, ಉಸಿರು ಕಟ್ಟುತ್ತೆ." ಹೊರಟುಹೋದಳು.

ಒಮ್ಮೆ ಶಾಯಿಯಲ್ಲಿ ಬಿದ್ದ ಪದವನ್ನು ಯಾರೂ ನುಂಗಲಾರರು. ಮೂರು ಎಚ್ಚರಿಕೆಗಳು ಹೋದವು. ಮೂರು ಸಲವೂ ಅವಳು ಹೋದವರಿಗೆ ಕಾಫಿ ಕೊಟ್ಟು, ಅದೇ ಉತ್ತರ ಕೊಟ್ಟು ಕಳಿಸಿದಳು. ಡಿಸೆಂಬರಿನಲ್ಲಿ ಜಿಲ್ಲಾ ಸಭೆಯಿಂದ ಕರೆ ಬಂತು.

ನಾನು, ಪಾದ್ರಿ, ಕೋಮಾನ್ ಒಂದು ಬೆಂಚಿನಲ್ಲಿ, ದಿಂಗೆನಾ ಒಬ್ಬಳೇ ಎದುರಿನ ಕುರ್ಚಿಯಲ್ಲಿ. ಸುತ್ತ ಕಪ್ಪು ಕೋಟಿನ ಇಪ್ಪತ್ತನಾಲ್ಕು ಜನ. ಅಧ್ಯಕ್ಷರು ಬಿಳಿ ಹುಬ್ಬಿನ, ಕಿವಿ ಮಂದವಾದ ಮುದುಕ ಪಾದ್ರಿ. "ಗಟ್ಟಿಯಾಗಿ ಹೇಳಮ್ಮ" ಎಂದು ಆಗಾಗ ಅನ್ನುತ್ತಿದ್ದರು. ಅವಳು ಗಟ್ಟಿಯಾಗಿಯೇ ಹೇಳಿದಳು. ದೇವರು ಎಲ್ಲಿದ್ದ, ಎಲ್ಲಿರಲಿಲ್ಲ ಎಂಬುದನ್ನು ನಮ್ಮ ಮುಂದೆ ಹೇಳಿದ ಹಾಗೆಯೇ ಹೇಳಿದಳು. ಆಮೇಲೆ ಚೀಲದಿಂದ ಕ್ರೈನ್‌ನ ಕಾಗದದ ಪ್ರತಿಗಳನ್ನು ತೆಗೆದಳು. ಅವು ಗೋಡೆ ಗಡಿಯಾರದ ಡಬ್ಬಿಯಲ್ಲಿದ್ದು ನೀರಿನಿಂದ ಉಳಿದಿದ್ದವು.

"ಇದು ಏರಿಯ ವಿಚಾರ, ಇಲ್ಲಿ ಬೇಡ" ಎಂದು ಕೋಮಾನ್ ಅರ್ಧ ಎದ್ದ.

"ದೇವರ ಕೈ ಅಂತ ಕಲ್ಲಿನ ಮೇಲೆ ಕೆತ್ತಿಸ್ತೀರಲ್ಲ ಯಜಮಾನ್ರೇ, ಮೊದಲು ಅದು ಯಾರ ಕೈ ಅಂತ ನೋಡೋಣ."

ಅಧ್ಯಕ್ಷರು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, "ಓದಮ್ಮ" ಅಂದರು. ಅವಳು ಮೂರೂ ಕಾಗದಗಳನ್ನು ತಾರೀಖಿನ ಸಮೇತ ಓದಿದಳು. ಎರಡು ಗೇಣು ತಗ್ಗು, ಹೆಗ್ಗಣದ ಬಿಲ, ಚಳಿಗಾಲದ ಮುಂಚೆ ಮಣ್ಣು ಹಾಕಿಸಿ ಎಂಬ ಬೇಡಿಕೆ. ಜಿಲ್ಲಾ ಸಭೆಯ ಬರಹಗಾರ ಪ್ರತಿಯೊಂದನ್ನೂ ಬರೆದುಕೊಳ್ಳುವುದನ್ನು ನಾನು ನೋಡಿದೆ. ಕೋಮಾನ್ ತನ್ನ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಅವನ ಸೊಸೆಯ ಹೆಸರೂ ಆ ಮೂವತ್ತೊಂದರಲ್ಲಿತ್ತು ಎಂಬುದು ನನಗೆ ಆಗ ನೆನಪಾಯಿತು.

ತೀರ್ಪು ಎರಡು ವಾರದ ಮೇಲೆ ಅಂಚೆಯಲ್ಲಿ ಬಂತು. ದಿಂಗೆನಾಳ ನಂಬಿಕೆ ತಪ್ಪು, ಅವಳು ಮನಸ್ಸು ತಿರುಗಿಸುವವರೆಗೂ ಪ್ರಭುಭೋಜನ ಇಲ್ಲ. ಆದರೆ ಮನೆಯವರ ಒಪ್ಪಿಗೆಯಿಲ್ಲದೆ ಯಾರ ಹೆಸರನ್ನೂ ಕಲ್ಲಿನ ಮೇಲೆ ಕೆತ್ತಿಸತಕ್ಕದ್ದಲ್ಲ. ಗೆದ್ದಳೋ ಸೋತಳೋ ಎಂದು ಊರು ಒಂದು ವಾರ ಜಗಳವಾಡಿತು. ದಿಂಗೆನಾ ಮಾತ್ರ ಕಾಗದವನ್ನು ಎರಡು ಸಲ ಓದಿ ಮಡಚಿಟ್ಟಳು. "ಮೇಜು ಹೋಯ್ತು" ಅಂದಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೊಂದೇ ಸಲ. ಕಣ್ಣೊರೆಸಿಕೊಂಡು, "ಲೇನಾ ಹೆಸರು ಆ ಸಾಲಿನ ಕೆಳಗೆ ಬೀಳದೆ ಉಳೀತು" ಅಂದಳು.

ಮರುದಿನ ಬೆಳಗ್ಗೆ ನಾನು ಕಲ್ಲುಕುಟಿಗನ ಅಂಗಡಿಗೆ ಸೈಕಲ್ ತುಳಿದೆ. ನನ್ನ ತಾಯಿಯ ಹೆಸರನ್ನು ಬಿಡಬೇಕೆಂದು ಹೇಳಿದೆ. ಅವನು ಪಟ್ಟಿ ತೆಗೆದು ಗೆರೆ ಎಳೆಯುತ್ತ, "ಮೇಷ್ಟ್ರೇ, ಇವತ್ತಿಗೆ ನೀವು ನಾಲ್ಕನೆಯವರು" ಅಂದ. ಕಲ್ಲು ಗೋಡೆಗೆ ಏರಿದಾಗ ಅದರಲ್ಲಿ ಹತ್ತೊಂಬತ್ತು ಹೆಸರುಗಳಿದ್ದವು. ಕೋಮಾನ್‌ನ ಸೊಸೆಯದು ಇರಲಿಲ್ಲ. ತೆಗೆಸಿದವನು ಅವನೋ, ಅವನ ಮಗನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಬೇಸಿಗೆ ಕೋಮಾನ್ ಏರಿ ಮಂಡಳಿ ಬಿಟ್ಟ. ಪಶ್ಚಿಮದ ತಿರುವನ್ನು ಉಳಿದ ಏರಿಗಿಂತ ಎತ್ತರವಾಗಿಯೇ ಕಟ್ಟಿದರು.

ನಡಾವಳಿ ಪುಸ್ತಕ ಹೊಸ ವರ್ಷಕ್ಕೆ ಬೇರೆಯವರ ಕೈ ಸೇರಿತು. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದಿಂಗೆನಾ ಚರ್ಚು ಬಿಡುತ್ತಾಳೆಂದು ಎಲ್ಲರೂ ಕಾದರು. ಅವಳು ಬಿಡಲಿಲ್ಲ. ಪ್ರತಿ ಭಾನುವಾರ ಪೆಪ್ಪರ್‌ಮಿಂಟ್ ಬಾಯಲ್ಲಿಟ್ಟುಕೊಂಡು ತನ್ನ ಬೆಂಚಿನಲ್ಲೇ ಕೂತಳು, ಎಲ್ಲರಿಗಿಂತ ಜೋರಾಗಿ ಹಾಡಿದಳು. ನಮ್ಮೂರಲ್ಲಿ ಇನ್ನೂ ಇಬ್ಬರು ದಿಂಗೆನಾ ಇದ್ದರು, ಒಬ್ಬಳು ಬೇಕರಿಯವಳು, ಒಬ್ಬಳು ಕುಂಟಿ. ಇವಳನ್ನು ಗುರುತಿಸಲು ಕೆಟ್ಟರ್ ದಿಂಗೆನಾ ಅನ್ನತೊಡಗಿದರು. ಮೊದಮೊದಲು ದನಿ ತಗ್ಗಿಸಿ. ಆಮೇಲೆ ಅಂಚೆಯವನೂ ಹಾಗೇ ಅಂದ. ನನ್ನ ಶಾಲೆಯ ಮಕ್ಕಳಂತೂ ಅದನ್ನು ಅವಳ ಮನೆತನದ ಹೆಸರೆಂದೇ ತಿಳಿದಿದ್ದರು. "ಕೆಟ್ಟರ್ ಅತ್ತೆ ಸೀಗಡಿ ಕೊಟ್ರು" ಎಂದು ಕಾಗದದ ಪೊಟ್ಟಣ ಹಿಡಿದು ತರಗತಿಗೆ ಬರುತ್ತಿದ್ದರು.

ಹತ್ತು ವರ್ಷದ ಮೇಲೆ ಹೊಸ ಪಾದ್ರಿ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ದಿಂಗೆನಾಳ ಮನೆಗೆ ಹೋಗಿ, "ಹಳೇ ಮಾತು ಬಿಡಿ ಅಮ್ಮ. ಆಗ ದುಡುಕಿದೆ ಅಂತ ಒಂದು ಮಾತು ಹೇಳಿ ಸಾಕು. ಈ ಈಸ್ಟರ್‌ಗೆ ಮೇಜಿಗೆ ಬನ್ನಿ" ಅಂದರಂತೆ.

"ದುಡುಕಿರ್ಲಿಲ್ಲ ಪಾದ್ರಿಗಳೇ. ನಿಧಾನವಾಗಿಯೇ ಹೇಳಿದ್ದೆ" ಅಂದಳಂತೆ. "ಹೀಗೇ ಇರೋಳು ಬರಬಹುದಾದ್ರೆ ಕರೀರಿ. ಬೇರೆ ಯಾರನ್ನೋ ಕರೆಯೋ ಹಾಗಿದ್ರೆ ನನಗೆ ಅವಳ ಪರಿಚಯ ಇಲ್ಲ."

ಹಾಗೇ ಕರೆಯಲು ಅವರಿಗೆ ಆಗಲಿಲ್ಲ. ಆ ಈಸ್ಟರ್ ಭಾನುವಾರ ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ, ರೊಟ್ಟಿ ಮುರಿದು, ಎರಡು ಬೆಳ್ಳಿಯ ಬಟ್ಟಲು ಇಟ್ಟರು. ಸಾಲು ಸಾಲಾಗಿ ಜನ ಎದ್ದು ಹೋದರು. ದಿಂಗೆನಾಳ ಬೆಂಚು ಖಾಲಿಯಾಯಿತು, ಅವಳೊಬ್ಬಳು ನೆಟ್ಟಗೆ ಕೂತಿದ್ದಳು. ನನ್ನ ಸಾಲಿನ ಸರದಿ ಬಂದಾಗ ನಾನು ಎದ್ದೆ. ಮೇಜಿನ ಕಡೆ ಹೋಗದೆ ನಡುವಿನ ದಾರಿ ದಾಟಿ, ಹೆಂಗಸರ ಕಡೆಗೆ ಹೋಗಿ, ಅವಳ ಪಕ್ಕದಲ್ಲಿ ಕೂತೆ. ಅವಳು ನನ್ನ ಕಡೆ ತಿರುಗಲಿಲ್ಲ. ಹಾಡಿನ ಪುಸ್ತಕವನ್ನು ನನಗೂ ಕಾಣುವ ಹಾಗೆ ಸ್ವಲ್ಪ ಸರಿಸಿ ಹಿಡಿದಳು.